ಹೊಲದ ನಡುವಿನ ಗೋಪುರ: ಐರ್ಲೆಂಡಿನ ಪಾಳು ಕ್ಯಾಸಲ್‌ಗಳನ್ನು ನೋಡಲು ಹೊರಡುವವರಿಗೆ

ಬೇಸಿಗೆ ಬಂತೆಂದರೆ ನನಗೆ ಬರುವ ಫೋನ್‌ಗಳಲ್ಲಿ ಅರ್ಧದಷ್ಟು ಇದೇ ಪ್ರಶ್ನೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಟಿಕೆಟ್ ಇಟ್ಟಿರುವ ದೊಡ್ಡ ಕ್ಯಾಸಲ್‌ಗಳನ್ನು ನೋಡಿ ಆಯಿತು. ಆದರೆ ದಾರಿಯುದ್ದಕ್ಕೂ ಹೊಲದ ಮಧ್ಯೆ ಬಳ್ಳಿ ಹೊದ್ದು ನಿಂತಿರುತ್ತವಲ್ಲ, ಸೂರಿಲ್ಲದ ಗೋಪುರಗಳು, ಅವುಗಳ ಹತ್ತಿರ ಹೋಗಬಹುದೇ? ಒಳಗೆ ಬಿಡುತ್ತಾರೆಯೇ? ಯಾರನ್ನು ಕೇಳಬೇಕು?

ಹೋಗಬಹುದು, ಎಲ್ಲದರ ಒಳಗೂ ಅಲ್ಲ. ಕೆಲವಕ್ಕೆ ನೇರ ನಡೆದು ಹೋಗಬಹುದು, ಕೆಲವಕ್ಕೆ ಹೊಲದವರನ್ನು ಕೇಳಲೇಬೇಕು, ಇನ್ನು ಕೆಲವನ್ನು ರಸ್ತೆಯಲ್ಲಿ ನಿಂತೇ ನೋಡಬೇಕು. ಯಾವುದು ಯಾವುದೆಂದು ತಿಳಿಯುವುದು, ಹತ್ತಿರ ಹೋದ ಮೇಲೆ ಕಣ್ಣಿಗೆ ಬೀಳುವ ಕಲ್ಲಿನಿಂದ ಏನನ್ನು ಓದಿಕೊಳ್ಳುವುದು, ಇವೆರಡನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ಕೋಟೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಚಿತ್ರದುರ್ಗ: ಸುತ್ತುಸುತ್ತಿನ ಗೋಡೆ, ಒಳಗೊಂದು ಊರೇ. ಐರ್ಲೆಂಡಿನ ಹೊಲಗಳಲ್ಲಿ ನೀವು ಕಾಣುವ ಪಾಳುಗಳಲ್ಲಿ ಹೆಚ್ಚಿನವು ಅಂಥವಲ್ಲ. ಉತ್ತರ ಕರ್ನಾಟಕದ ದೇಸಾಯರ ವಾಡೆಯನ್ನು ನೆನೆಸಿಕೊಳ್ಳಿ, ಅದು ಹೆಚ್ಚು ಹತ್ತಿರ. ಒಂದು ಮನೆತನ ವಾಸವಿದ್ದ, ಕಳ್ಳಕಾಕರಿಂದ ನೆರೆಯ ಪಾಳೆಯಗಾರನಿಂದ ದನಕರುಗಳನ್ನೂ ಮಂದಿಯನ್ನೂ ಉಳಿಸಿಕೊಳ್ಳಲು ಕಟ್ಟಿದ ಗಟ್ಟಿ ಮನೆ. ಇಂದು ಅದು ನಿಂತಿರುವುದು ಮತ್ತೊಬ್ಬರ ಹುಲ್ಲುಗಾವಲಿನಲ್ಲಿ. ಒಬ್ಬರ ಮನೆಗೆ, ಇನ್ನೊಬ್ಬರ ಜಮೀನಿನ ಮೂಲಕ ಹೋಗುತ್ತಿದ್ದೀರಿ ಎಂಬುದು ತಲೆಯಲ್ಲಿದ್ದರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

1. ಅದು ಯಾರ ಸುಪರ್ದಿಯಲ್ಲಿದೆ ಎಂದು ತಿಳಿದುಕೊಳ್ಳಿ

ಐರ್ಲೆಂಡಿನಲ್ಲಿ ಖಾಸಗಿ ಜಮೀನಿನ ಮೇಲೆ ಯಾರು ಬೇಕಾದರೂ ನಡೆದಾಡುವ ಸಾಮಾನ್ಯ ಹಕ್ಕು ಇಲ್ಲ. ಆ ಹಕ್ಕಿರುವ ಸ್ಕಾಟ್ಲೆಂಡಿನಲ್ಲಿ ಓಡಾಡಿ ಬಂದವರು ಇಲ್ಲಿ ಎಡವುವುದು ಇದರಲ್ಲೇ. ಸ್ಮಾರಕಕ್ಕೆ ಸರ್ಕಾರದ ರಕ್ಷಣೆ ಇದೆ ಎಂದ ಮಾತ್ರಕ್ಕೆ ಅಲ್ಲಿಗೆ ಹೋಗುವ ದಾರಿಯೂ ಸಾರ್ವಜನಿಕ ಎಂದಲ್ಲ.

ಪಾಳುಗಳನ್ನು ಮೂರು ಗುಂಪು ಮಾಡಿಕೊಳ್ಳಿ. ಒಂದು, ಸಿಬ್ಬಂದಿ ಇರುವ ಸರ್ಕಾರಿ ತಾಣ. ಇವನ್ನು ನೋಡಿಕೊಳ್ಳುವುದು ಓ.ಪಿ.ಡಬ್ಲ್ಯು., ಅಂದರೆ ನಮ್ಮ ಲೋಕೋಪಯೋಗಿ ಇಲಾಖೆಯಂಥ ಸಂಸ್ಥೆ. ಇಲ್ಲಿ ಹಳೆಯ ಸ್ಮಾರಕಗಳ ಉಸ್ತುವಾರಿಯೂ ಅದರದ್ದೇ. ಮೀಥ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಟ್ರಿಮ್, ಗಾಲ್‌ವೇ ಕೌಂಟಿಯ ಅಥೆನ್‌ರೈ ಈ ಗುಂಪಿನವು. ಎರಡು, ಸರ್ಕಾರದ ಸುಪರ್ದಿಯಲ್ಲಿದ್ದೂ ಕಾವಲಿಲ್ಲದೆ ತೆರೆದೇ ಇರುವವು: ಲೀಶ್ ಕೌಂಟಿಯ ಡನಮೇಸ್ ಬಂಡೆಕೋಟೆ, ಕಾರ್ಲೋ ಕೌಂಟಿಯ ಬ್ಯಾಲಿಮೂನ್, ಪಟ್ಟಣದ ಉದ್ಯಾನದೊಳಗೇ ಇರುವ ರಾಸ್‌ಕಾಮನ್ ಕ್ಯಾಸಲ್. ಮೂರು, ಪೂರ್ತಿ ಖಾಸಗಿ. ಹೊಲಗಳಲ್ಲಿ ಕಾಣುವ ಒಂಟಿ ಗೋಪುರಗಳಲ್ಲಿ ಬಹುಪಾಲು ಈ ಮೂರನೆಯ ಗುಂಪಿನವು.

ಮೊದಲ ಸಲ ಹೋಗುವವರು ಎರಡನೆಯ ಗುಂಪಿನಿಂದ ಶುರುಮಾಡಿ ಎಂಬುದು ನನ್ನ ಸಲಹೆ. ಮೊದಲ ಗುಂಪಿನಲ್ಲಿ ಚಳಿಗಾಲಕ್ಕೆ ಬೀಗ ಹಾಕುವ ತಾಣಗಳು ಹಲವಿವೆ. ಹೊರಡುವ ಹಿಂದಿನ ದಿನ ಸಮಯ ನೋಡಿಕೊಳ್ಳದೆ ನೂರು ಕಿಲೋಮೀಟರ್ ಹೋಗಿ ಗೇಟು ನೋಡಿ ಬಂದವರು ಬಹಳ ಮಂದಿ. ಟ್ರಿಮ್‌ನಲ್ಲಿ ಇನ್ನೊಂದು ವಿಷಯ: ನಡುವಿನ ಮುಖ್ಯ ಗೋಪುರದ ಒಳಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಬೇಸಿಗೆಯ ಶನಿವಾರ ಭಾನುವಾರ ಜಾಗ ಬೇಗ ತುಂಬುತ್ತದೆ.

2. ನಕ್ಷೆಯಲ್ಲಿ ಹುಡುಕುವ ಬಗೆ

ಫೋನಿನ ಸಾಮಾನ್ಯ ಮ್ಯಾಪ್ ಸಾಲದು. ಅದರಲ್ಲಿ ಕ್ಯಾಸಲ್ ಎಂದು ಹುಡುಕಿದರೆ ಹೋಟೆಲ್‌ಗಳು ಮೊದಲು ಬರುತ್ತವೆ. ಸ್ಮಾರಕಗಳ ದಾಖಲೆ ಇಡುವ ಸರ್ಕಾರಿ ವಿಭಾಗವಾದ ನ್ಯಾಷನಲ್ ಮಾನ್ಯುಮೆಂಟ್ಸ್ ಸರ್ವಿಸ್‌ನವರು ಹಿಸ್ಟಾರಿಕ್ ಎನ್ವಿರಾನ್ಮೆಂಟ್ ವ್ಯೂವರ್ ಎಂಬ ನಕ್ಷೆಯನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ದಾಖಲಾದ ಪ್ರತಿ ಸ್ಮಾರಕಕ್ಕೂ ಒಂದು ಚುಕ್ಕೆ. ಒತ್ತಿದರೆ ಅದರ ಬಗೆ, ಟೌನ್‌ಲ್ಯಾಂಡ್ ಹೆಸರು, ಹಲವಕ್ಕೆ ವಿವರಣೆಯೂ ಸಿಗುತ್ತದೆ. ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ. ಜಮೀನಿನ ಅತಿ ಚಿಕ್ಕ ವಿಭಾಗ, ನಮ್ಮ ಮಜರೆ ಇದ್ದಂತೆ. ಇಡೀ ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚಿವೆ. ಹಳ್ಳಿಯವರನ್ನು ದಾರಿ ಕೇಳುವಾಗ ಈ ಹೆಸರೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಚುಕ್ಕೆಯ ಪಕ್ಕ ಬರೆದಿರುವ ಬಗೆಯನ್ನು ಹೀಗೆ ಓದಿ. ಟವರ್ ಹೌಸ್ ಎಂದಿದ್ದರೆ ಒಂಟಿ ಗೋಪುರದ ಮನೆ. ಮಾಟ್ ಎಂದಿದ್ದರೆ ಕಲ್ಲೇ ಇಲ್ಲ: ಹನ್ನೆರಡನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಡೆಯಿಂದ ದಂಡೆತ್ತಿ ಬಂದ ನಾರ್ಮನ್ನರು ಹೊಸತರಲ್ಲಿ ಮಣ್ಣು ಗುಡ್ಡೆ ಹಾಕಿ ಮೇಲೆ ಮರದ ಕೋಟೆ ಕಟ್ಟುತ್ತಿದ್ದರು, ಈಗ ಉಳಿದಿರುವುದು ಹುಲ್ಲು ಬೆಳೆದ ದಿಬ್ಬ. ಟಿಪರರಿ ಕೌಂಟಿಯ ನಾಕ್‌ಗ್ರಾಫನ್, ಲಾಂಗ್‌ಫರ್ಡ್ ಕೌಂಟಿಯ ಗ್ರ್ಯಾನರ್ಡ್ ಅಂಥವು. ಇವೂ ಚೆಂದವೇ, ಗೋಡೆ ನೋಡಲು ಹೋದವರಿಗೆ ಮಾತ್ರ ನಿರಾಸೆ. ಅನ್‌ಕ್ಲಾಸಿಫೈಡ್, ಅಂದರೆ ಯಾವ ಬಗೆಯೆಂದು ಗೊತ್ತಾಗದ್ದು, ಎಂದಿದ್ದರೆ ವಿವರಣೆಯನ್ನು ತಪ್ಪದೆ ಓದಿ. ನೆಲದ ಮೇಲೆ ಗುರುತು ಕಾಣುವುದಿಲ್ಲ ಎಂಬ ಸಾಲು ಅಲ್ಲಿ ಎಷ್ಟೋ ಸಲ ಇರುತ್ತದೆ. ಆ ಒಂದು ಸಾಲು ಓದದೆ ಹೋದವರು ಬರೀ ಹುಲ್ಲು ನೋಡಿ ಬರುತ್ತಾರೆ.

ಊರ ಹೆಸರುಗಳೂ ದಾರಿ ತಪ್ಪಿಸುತ್ತವೆ. ಹೆಸರಿನಲ್ಲಿ ಡನ್, ರಾಥ್, ಲಿಸ್ ಎಂದಿದ್ದರೆ ಅದು ಸಾಮಾನ್ಯವಾಗಿ ನಾರ್ಮನ್ನರಿಗಿಂತ ಹಿಂದಿನ, ಮಣ್ಣಿನ ದಂಡೆಯ ಬಳೆಯಾಕಾರದ ಆವರಣ. ಐರಿಷ್ ಭಾಷೆಯಲ್ಲಿ ಕ್ಯಾಸಲ್‌ಗೆ ಇರುವ ಮಾತೇ ಬೇರೆ, ಕಶ್ಲಾನ್.

ಪಾಳುಗಳಿಗೆ ಐರ್‌ಕೋಡ್, ಅಂದರೆ ಇಲ್ಲಿಯ ಪಿನ್‌ಕೋಡ್, ಇರುವುದಿಲ್ಲ. ಅಕ್ಷಾಂಶ ರೇಖಾಂಶವನ್ನೇ ಬರೆದುಕೊಳ್ಳಿ. ಹಳ್ಳಿಗಾಡಿನಲ್ಲಿ ಸಿಗ್ನಲ್ ಹೋಗುವುದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಉಚ್ಚಾರಣೆಯೂ ಗೊತ್ತಿರಲಿ. ಲಾವೋಯಿಸ್ ಎಂದು ಓದಿಕೊಳ್ಳುವಂತೆ ಬರೆದಿರುವ ಕೌಂಟಿಯ ಹೆಸರು ಲೀಶ್, ಕಹಿರ್ ಎಂದು ಕಾಣುವ ಊರು ಕೇರ್. ಬರೆದಂತೆ ಓದಿದರೆ ದಾರಿ ಹೇಳುವವರಿಗೆ ತಿಳಿಯುವುದಿಲ್ಲ.

3. ಯಾವ ತಿಂಗಳು, ಯಾವ ಹೊತ್ತು

ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕೂಕಾಲಿಗೆಲ್ಲ ಕತ್ತಲು. ಆದ್ದರಿಂದ ಬೇಸಿಗೆಯೇ ಸರಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬೇಸಿಗೆಯಲ್ಲಿ ಕಾವಲಿಲ್ಲದ ಪಾಳುಗಳ ಸುತ್ತ ನೆಟಲ್, ಅಂದರೆ ಇಲ್ಲಿಯ ತುರಚೆ ಗಿಡ, ಸೊಂಟದೆತ್ತರ ಬೆಳೆಯುತ್ತದೆ; ಮುಳ್ಳಿನ ಪೊದೆ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಗೋಡೆ, ಕಂದಕ, ನೆಲದ ಏರಿಳಿತ ಇವನ್ನೆಲ್ಲ ಚೆನ್ನಾಗಿ ನೋಡಬೇಕೆಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮುಗಿಯುವವರೆಗಿನ ಕಾಲ ನನಗೆ ಇಷ್ಟ: ಗಿಡ ಎದ್ದಿರುವುದಿಲ್ಲ, ಹಗಲು ಉದ್ದವಾಗಿರುತ್ತದೆ. ಕುರಿ ಮರಿ ಹಾಕುವ ಕಾಲವೂ ಅದೇ ಆದ್ದರಿಂದ ಕುರಿಯಿರುವ ಹೊಲಗಳನ್ನು ಆಗ ಬಿಟ್ಟುಬಿಡಿ.

ಮಳೆ ಯಾವ ತಿಂಗಳಲ್ಲೂ ಬರಬಹುದು. ಛತ್ರಿ ಗಾಳಿಗೆ ನಿಲ್ಲುವುದಿಲ್ಲ. ಟೋಪಿಯಿರುವ ರೇನ್‌ಕೋಟ್, ಹಿಡಿತವಿರುವ ಬೂಟು, ಉದ್ದ ಪ್ಯಾಂಟು ಹಾಕಿಕೊಳ್ಳಿ. ಅಮ್ಮಂದಿರು ಸೀರೆಯಲ್ಲಿ ಬರುವುದಾದರೆ ಟ್ರಿಮ್, ಅಥೆನ್‌ರೈ, ರಾಸ್‌ಕಾಮನ್‌ನಂಥ ಪಟ್ಟಣದ ತಾಣಗಳಿಗೆ ಕರೆದೊಯ್ಯಿರಿ, ಹೊಲ ದಾಟಿಸಬೇಡಿ. ಟಾರ್ಚ್ ಇರಲಿ. ಕಾವಲಿಲ್ಲದ ತಾಣಗಳಲ್ಲಿ ಶೌಚಾಲಯವಾಗಲಿ ಅಂಗಡಿಯಾಗಲಿ ನಿರೀಕ್ಷಿಸಬೇಡಿ. ಚಪಾತಿ ಪಲ್ಯವೋ ಚಿತ್ರಾನ್ನವೋ ಕಟ್ಟಿಕೊಂಡು ಹೋಗುವುದೇ ಮೇಲು. ಕಸವನ್ನು ಜೊತೆಗೇ ವಾಪಸ್ ತನ್ನಿ.

4. ಹೋಗುವ ದಾರಿ

ಕಾರಿಲ್ಲದವರಿಗೂ ದಾರಿಯಿದೆ. ಅಥೆನ್‌ರೈ ಡಬ್ಲಿನ್–ಗಾಲ್‌ವೇ ರೈಲು ಮಾರ್ಗದಲ್ಲೇ ಇದೆ, ಸ್ಟೇಷನ್ನಿನಿಂದ ಕ್ಯಾಸಲ್‌ಗೆ ನಡೆದೇ ಹೋಗಬಹುದು. ರಾಸ್‌ಕಾಮನ್‌ಗೂ ಡಬ್ಲಿನ್ನಿಂದ ರೈಲಿದೆ, ಟ್ರಿಮ್‌ಗೆ ಬಸ್ಸಿದೆ. ಆದರೆ ಒಂಟಿ ಗೋಪುರಗಳಿಗೆ ಕಾರು ಬೇಕೇ ಬೇಕು.

ನಮ್ಮಂತೆಯೇ ಇಲ್ಲಿಯೂ ರಸ್ತೆಯ ಎಡಗಡೆ ಓಡಿಸುವುದು, ಅದೊಂದು ಅನುಕೂಲ. ಕಷ್ಟವಿರುವುದು ಬೋರೀನ್‌ಗಳಲ್ಲಿ. ಬೋರೀನ್ ಎಂದರೆ ಒಂದೇ ಕಾರು ಹಿಡಿಸುವ, ಎರಡೂ ಕಡೆ ಬೇಲಿ ಎದ್ದಿರುವ, ನಡುವೆ ಹುಲ್ಲು ಬೆಳೆದ ಕೇರಿದಾರಿ. ಹಳ್ಳಿಯ ಸ್ಥಳೀಯ ರಸ್ತೆಗಳ ವೇಗದ ಮಿತಿಯನ್ನು 2025ರ ಫೆಬ್ರವರಿಯಲ್ಲಿ ಗಂಟೆಗೆ 80ರಿಂದ 60 ಕಿಲೋಮೀಟರಿಗೆ ಇಳಿಸಿದ್ದಾರೆ. ಬೋರೀನ್‌ನಲ್ಲಿ ಅದೂ ಹೆಚ್ಚೇ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ತೆಗೆಯಬೇಕಾದವರು ನೀವು.

ಕಾರು ನಿಲ್ಲಿಸುವಾಗ ಹೊಲದ ಗೇಟಿಗೆ ಅಡ್ಡ ನಿಲ್ಲಿಸಬೇಡಿ, ಅದು ಎಷ್ಟೇ ಹಳೆಯ, ತುಕ್ಕು ಹಿಡಿದ ಗೇಟಾಗಿರಲಿ. ಆ ಗೇಟಿನಿಂದ ಸಂಜೆ ಹಸುಗಳು ಬರಬೇಕಿರುತ್ತದೆ. ಊರವರಿಗೆ ಪ್ರವಾಸಿಗರ ಮೇಲೆ ಬೇಸರ ಹುಟ್ಟಿಸುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಒಂದು ಗಂಭೀರ ಎಚ್ಚರಿಕೆ. ಡನ್‌ಲೂಸ್, ಕ್ಯಾರಿಕ್‌ಫರ್ಗಸ್ ಕ್ಯಾಸಲ್‌ಗಳ ಚಿತ್ರ ನೋಡಿ ಆಸೆಯಾಗುವುದು ಸಹಜ. ಅವೆರಡೂ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ರಸ್ತೆಯ ಮೇಲೆ ಗಡಿ ಠಾಣೆ ಇಲ್ಲ, ಫಲಕದಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದಾಗಲೇ ದಾಟಿದ್ದೇವೆಂದು ಗೊತ್ತಾಗುವುದು. ಠಾಣೆ ಇಲ್ಲವೆಂದು ವೀಸಾ ಬೇಡ ಎಂದಲ್ಲ. ಐರ್ಲೆಂಡಿನ ರೆಸಿಡೆನ್ಸ್ ಪರ್ಮಿಟ್ ಇದ್ದರೂ ಬ್ರಿಟನ್ ವೀಸಾ ಬೇಕು. ಪ್ರವಾಸಕ್ಕೆ ಬಂದ ಹಿರಿಯರ ಐರಿಷ್ ವೀಸಾದ ಮೇಲೆ ಬಿ.ಐ.ವಿ.ಎಸ್. ಎಂಬ ಅಕ್ಷರಗಳಿವೆಯೇ ನೋಡಿ. ಅದು ಎರಡೂ ದೇಶಗಳು ಒಪ್ಪಿಕೊಂಡ ವೀಸಾ; ಇದ್ದರೆ ಅವರು ಹೋಗಬಹುದು, ಇಲ್ಲಿ ನೆಲೆಸಿರುವ ನಿಮಗೆ ಮಾತ್ರ ಬ್ರಿಟನ್ ವೀಸಾ ಬೇಕು.

5. ಕೇಳುವುದು

ಖಾಸಗಿ ಜಮೀನಿನ ಗೋಪುರವಾದರೆ ಹತ್ತಿರದ ಮನೆಯ ಬಾಗಿಲು ತಟ್ಟಿ. ಜಮೀನು ಅವರದ್ದಲ್ಲದಿದ್ದರೂ ಯಾರದ್ದೆಂದು ಹೇಳುತ್ತಾರೆ. ಬೆಳಗಿನ ಮತ್ತು ಸಂಜೆಯ ಹಾಲು ಕರೆಯುವ ಹೊತ್ತು, ಮಧ್ಯಾಹ್ನದ ಊಟದ ಹೊತ್ತು, ಭಾನುವಾರ ಬೆಳಗಿನ ಚರ್ಚಿನ ಹೊತ್ತು ಬೇಡ. ಐದು ಜನ ಗುಂಪಾಗಿ ಹೋಗಿ ನಿಲ್ಲಬೇಡಿ, ಒಬ್ಬರೋ ಇಬ್ಬರೋ ಸಾಕು.

ಇಲ್ಲಿಯ ಹಳ್ಳಿಯವರು ನೇರ ವಿಷಯಕ್ಕೆ ಬರುವವರಲ್ಲ, ನಮ್ಮ ಹಳ್ಳಿಗಳ ಹಾಗೆಯೇ. ಮೊದಲು ಹವೆಯ ಮಾತು, ಎಲ್ಲಿಂದ ಬಂದಿರಿ ಎಂಬ ಮಾತು. ಆಮೇಲೆ ನಾಲ್ಕು ವಿಷಯ ಹೇಳಿ: ಹಳೆಯ ಗೋಪುರವನ್ನು ನೋಡಲು ಬಂದಿದ್ದೇವೆ, ಹೊರಗಿನಿಂದ ನೋಡಿ ಫೋಟೊ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಹೊರಡುತ್ತೇವೆ, ಜೊತೆಯಲ್ಲಿ ನಾಯಿ ಇಲ್ಲ, ನಮ್ಮ ಜವಾಬ್ದಾರಿ ನಮ್ಮದು. ಕೊನೆಯದು ಮುಖ್ಯ. ರೈತರು ಬೇಡ ಎನ್ನುವುದಕ್ಕೆ ಸಾಮಾನ್ಯ ಕಾರಣ ಸಿಡುಕಲ್ಲ, ಯಾರಾದರೂ ಬಿದ್ದು ಪೆಟ್ಟುಮಾಡಿಕೊಂಡು ಪರಿಹಾರ ಕೇಳಿದರೆ ಏನು ಗತಿ ಎಂಬ ಇನ್ಶೂರೆನ್ಸ್ ಭಯ. ಹಣ ಕೊಡದೆ ವಿಹಾರಕ್ಕೆ ಬಂದವರ ವಿಷಯದಲ್ಲಿ ಜಮೀನುದಾರರ ಹೊಣೆಯನ್ನು 1995ರ ಕಾಯ್ದೆಯೊಂದು ಬಹಳ ಕಡಿಮೆ ಮಾಡಿದೆ. ಆದರೂ ಆ ಭಯ ಹೋಗಿಲ್ಲ.

ಹೊಲದಲ್ಲಿ ಹೋರಿಯಿದೆಯೇ, ಕರು ಹಾಕಿದ ಹಸುಗಳಿವೆಯೇ ಎಂದು ನೀವಾಗಿಯೇ ಕೇಳಿ. ಆ ಪ್ರಶ್ನೆ ಕೇಳಿದರೆ ಇವರಿಗೆ ಹೊಲದ ರೀತಿ ಗೊತ್ತು ಎಂಬ ನಂಬಿಕೆ ಅವರಿಗೆ ಬರುತ್ತದೆ. ಅದರಿಂದ ಎಷ್ಟೋ ಸಲ ಅನುಮತಿಯ ಜೊತೆಗೆ ಆ ಗೋಪುರದ ಕಥೆಯೂ ಸಿಕ್ಕಿದೆ ನನಗೆ.

ಬೇಡ ಎಂದರೆ ಬೇಡ. ಧನ್ಯವಾದ ಹೇಳಿ ಹೊರಡಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದನ್ನೂ ಬೇಡ ಎಂದೇ ತಿಳಿಯಿರಿ. ಕ್ಲೇರ್ ಕೌಂಟಿಯ ಲೆಮಾನೆ ಕ್ಯಾಸಲ್‌ನಂತೆ ಒಳಗೆ ಬಿಡದೇ ಇರುವ, ಆದರೆ ರಸ್ತೆಯಿಂದಲೇ ಚೆನ್ನಾಗಿ ಕಾಣುವ ತಾಣಗಳಿವೆ. ಅದರ ವಿಷಯ ಮುಂದೆ ಹೇಳುತ್ತೇನೆ.

6. ಹೊಲ ದಾಟುವಾಗ

ತೆರೆದಿದ್ದ ಗೇಟು ತೆರೆದೇ ಇರಲಿ, ಮುಚ್ಚಿದ್ದದ್ದನ್ನು ದಾಟಿದ ಕೂಡಲೇ ಮುಚ್ಚಿ. ಹತ್ತಿ ಇಳಿಯಬೇಕಾದರೆ ಕೀಲು, ಅಂದರೆ ಹಿಂಜ್, ಇರುವ ಬದಿಯಲ್ಲಿ ಹತ್ತಿ, ಗೇಟು ಜೋಲುವುದಿಲ್ಲ. ಕಲ್ಲಿನ ಬೇಲಿಗೆ ಸ್ಟೈಲ್, ಅಂದರೆ ಜನ ದಾಟಲೆಂದು ಮಾಡಿದ ಮೆಟ್ಟಿಲು, ಇದ್ದರೆ ಅಲ್ಲೇ ದಾಟಿ. ಮಲೆನಾಡಿನವರಿಗೆ ತಡಮೆ ಎಂದರೆ ಸಾಕು, ಅದೇ ಇದು. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಯನ್ನು ಮಾತ್ರ ಹತ್ತಬೇಡಿ, ಒಂದು ಕಲ್ಲು ಜಾರಿದರೆ ಒಂದು ಮಾರು ಗೋಡೆ ಬೀಳುತ್ತದೆ.

ತೆಳ್ಳನೆಯ ಬಿಳಿ ಪಟ್ಟಿಯೋ ತಂತಿಯೋ ಕಂಡರೆ ಅದು ಕರೆಂಟ್ ಬೇಲಿ. ಮಕ್ಕಳಿಗೆ ಮೊದಲೇ ಹೇಳಿಡಿ. ಹಸುಗಳು ಕುತೂಹಲದಿಂದ ಹಿಂದೆ ಬರುತ್ತವೆ, ಓಡಬೇಡಿ. ಕರು ಮತ್ತು ತಾಯಿಯ ನಡುವೆ ನುಗ್ಗಬೇಡಿ. ಹೊಳೆ ಬದಿಯ ತಾಣಗಳಲ್ಲಿ ಜೈಂಟ್ ಹಾಗ್‌ವೀಡ್ ಎಂಬ ಆಳೆತ್ತರದ, ಬಿಳಿ ಹೂಗೊಂಚಲಿನ ಗಿಡವಿರುತ್ತದೆ. ಅದರ ಹಾಲು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಮನೆಗೆ ಬಂದ ಮೇಲೆ ಕಾಲು, ಮೊಣಕಾಲ ಹಿಂಬದಿ ನೋಡಿಕೊಳ್ಳಿ: ಹುಲ್ಲಿನ ಉಣ್ಣಿಗಳಿಂದ ಲೈಮ್ ಕಾಯಿಲೆ ಹರಡುವುದುಂಟು. ಏನಾದರೂ ಅಪಾಯವಾದರೆ 112 ಅಥವಾ 999.

7. ಗೋಡೆಯ ಹತ್ತಿರ

ಐನೂರು ವರ್ಷ ನಿಂತ ಗೋಡೆ ಇವತ್ತೇ ಬೀಳುತ್ತದೆಯೇ ಎಂದು ಕೇಳುವವರಿಗೆ ಗೋಡೆ ಕಟ್ಟಿದ ರೀತಿಯನ್ನು ಹೇಳಬೇಕು. ಈ ಗೋಡೆಗಳು ಒಳಗೂ ಹೊರಗೂ ಜೋಡಿಸಿದ ಕಲ್ಲಿನ ಎರಡು ಮುಖ. ನಡುವೆ ಸುಣ್ಣದ ಗಾರೆಯಲ್ಲಿ ಕಲಸಿದ ಚೂರುಕಲ್ಲು. ಸೂರು ಇರುವವರೆಗೆ ಮಳೆ ಗೋಡೆಯ ತಲೆಯೊಳಗೆ ಇಳಿಯುವುದಿಲ್ಲ. ಸೂರು ಹೋದ ಮೇಲೆ ನೂರಾರು ಮಳೆಗಾಲಗಳು ಆ ಗಾರೆಯನ್ನು ಸ್ವಲ್ಪ ಸ್ವಲ್ಪವೇ ತೊಳೆದು ಒಯ್ದಿವೆ. ಐವಿ ಬಳ್ಳಿಯ ಬೇರು ಸಂದುಗಳನ್ನು ಅಗಲಿಸಿದೆ. ಊರವರು ಮನೆ ಕಟ್ಟಲು ಮೂಲೆಗಲ್ಲುಗಳನ್ನು ಕಿತ್ತೊಯ್ದಿದ್ದರೆ ಬುಡದ ಆಧಾರವೇ ಇಲ್ಲ. ಹಿಮ ಬಿದ್ದು ಕರಗಿದ ವಾರ, ಜೋರು ಗಾಳಿಮಳೆಯ ಮರುದಿನ ಕಲ್ಲು ಬೀಳುವುದು ಇದರಿಂದಲೇ. ಆ ದಿನಗಳಲ್ಲಿ ದೂರವಿರಿ.

ಐವಿ ಹಿಡಿದು ಹತ್ತಬೇಡಿ, ಎಳೆಯಲೂ ಬೇಡಿ. ಎಷ್ಟೋ ಕಡೆ ಕಲ್ಲನ್ನು ಹಿಡಿದಿಟ್ಟಿರುವುದು ಅದೊಂದೇ. ಸುರುಳಿ ಮೆಟ್ಟಿಲು ಕೆಳಗಿನಿಂದ ಗಟ್ಟಿಯಾಗಿ ಕಂಡರೂ ಕತ್ತಲಲ್ಲಿ ನಡುವಿನ ಎರಡು ಮೆಟ್ಟಿಲು ಇಲ್ಲದಿರಬಹುದು. ಮೇಲಿನ ಕಮಾನು ಚಾವಣಿಯ ಮೇಲೆ ಹುಲ್ಲು ಬೆಳೆದು ನೆಲದಂತೆ ಕಾಣುತ್ತದೆ, ಅದರಲ್ಲಿ ತೂತು ಇರುತ್ತದೆ. ಕಾವಲಿಲ್ಲದ ಯಾವ ಗೋಪುರದ ಮೆಟ್ಟಿಲನ್ನೂ ಹತ್ತಬೇಡಿ ಎಂದೇ ಹೇಳುತ್ತೇನೆ. ಕಬ್ಬಿಣದ ಗೇಟು, ತಂತಿಬೇಲಿ, ಎಚ್ಚರಿಕೆಯ ಫಲಕ ಇದ್ದರೆ ಅಲ್ಲಿಗೇ ನಿಲ್ಲಿ.

ಕಾನೂನಿನ ಎರಡು ವಿಷಯ. ಅನುಮತಿ ಪತ್ರವಿಲ್ಲದೆ ಹಳೆಯ ವಸ್ತುಗಳಿಗಾಗಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವುದು ಅಪರಾಧ. ಹಳೆಯ ನಾಣ್ಯವೋ ಮಡಕೆ ಚೂರೋ ತಾನಾಗಿ ಕಣ್ಣಿಗೆ ಬಿದ್ದರೆ ಜೇಬಿಗೆ ಹಾಕಿಕೊಳ್ಳಬೇಡಿ. ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು, 96 ಗಂಟೆಯೊಳಗೆ ನ್ಯಾಷನಲ್ ಮ್ಯೂಸಿಯಂಗೆ ತಿಳಿಸಬೇಕು. ಡ್ರೋನ್ ಹಾರಿಸುವುದಕ್ಕೂ ಸರ್ಕಾರಿ ತಾಣಗಳಲ್ಲಿ ಮುಂಚಿತ ಅನುಮತಿ ಬೇಕು.

8. ಗೋಪುರವನ್ನು ಓದುವುದು

ಇಷ್ಟೆಲ್ಲ ಮಾಡಿ ಹೋಗಿ, ಐದು ನಿಮಿಷ ಸೆಲ್ಫಿ ತೆಗೆದು ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸೂರು ಹೋದ ಮನೆ ತನ್ನ ಒಳಗನ್ನೆಲ್ಲ ತೆರೆದಿಟ್ಟಿರುತ್ತದೆ. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಸಾಕು.

ಮೊದಲು ಕಾಲ. ನಾರ್ಮನ್ನರು ಐರ್ಲೆಂಡಿಗೆ ಬಂದಿಳಿದದ್ದು 1169ರಲ್ಲಿ. ಮುಂದಿನ ನೂರೈವತ್ತು ವರ್ಷಗಳಲ್ಲಿ ಕಟ್ಟಿದವು ದೊಡ್ಡವು: ನಾರ್ಮನ್ ಸರದಾರ ಹ್ಯೂ ಡಿ ಲೇಸಿ 1170ರ ದಶಕದಲ್ಲಿ ಬಾಯ್ನ್ ಹೊಳೆಯ ದಂಡೆಯಲ್ಲಿ ಶುರುಮಾಡಿದ ಟ್ರಿಮ್ ಅಂಥದ್ದು. ಅದರ ಕೀಪ್, ಅಂದರೆ ಕೋಟೆಯ ನಡುವಿನ ಮುಖ್ಯ ಗೋಪುರ, ಇಪ್ಪತ್ತು ಮುಖಗಳದ್ದು. ಹೊಲಗಳಲ್ಲಿರುವ ಒಂಟಿ ಗೋಪುರಗಳು ಆಮೇಲಿನವು, ಸುಮಾರು 1400ರಿಂದ 1650ರವರೆಗಿನವು. 1429ರಲ್ಲಿ ಇಂಗ್ಲೆಂಡಿನ ದೊರೆ ಆರನೆಯ ಹೆನ್ರಿಯ ಆಳ್ವಿಕೆಯ ಕಾನೂನೊಂದು ಡಬ್ಲಿನ್ ಸುತ್ತಲಿನ ನಾಲ್ಕು ಕೌಂಟಿಗಳಲ್ಲಿ ಗೋಪುರ ಕಟ್ಟುವವರಿಗೆ ಹತ್ತು ಪೌಂಡ್ ಸಹಾಯಧನ ಗೊತ್ತುಮಾಡಿತು. ಅಳತೆ 20 ಅಡಿ ಉದ್ದ, 16 ಅಡಿ ಅಗಲ, 40 ಅಡಿ ಎತ್ತರಕ್ಕೆ ಕಡಿಮೆಯಿರಬಾರದು. ಇವೆಲ್ಲ ಇಂಗ್ಲಿಷರೇ ಕಟ್ಟಿದವು ಎಂದುಕೊಳ್ಳುವುದು ತಪ್ಪು. ಐರಿಷ್ ಮನೆತನಗಳೂ, ಕ್ಲೇರ್‌ನ ಓಬ್ರಿಯನ್ನರು, ಮ್ಯಾಕ್‌ನಮಾರರು, ಹಾಗೆಯೇ ಕಟ್ಟಿ ಬಾಳಿದರು.

ಈಗ ಬುಡದಿಂದ ಶುರುಮಾಡಿ. ಗೋಡೆ ನೆಲದ ಹತ್ತಿರ ಹೊರಕ್ಕೆ ಇಳಿಜಾರಾಗಿ ಚಾಚಿದೆಯೇ? ಅದಕ್ಕೆ ಬ್ಯಾಟರ್ ಎನ್ನುತ್ತಾರೆ: ಬುಡಕ್ಕೆ ಬಲ, ಮೇಲಿನಿಂದ ಬಿಟ್ಟ ಕಲ್ಲು ಅದಕ್ಕೆ ಬಡಿದು ಶತ್ರುವಿನ ಕಡೆ ಸಿಡಿಯಬೇಕೆಂಬ ಲೆಕ್ಕ. ಸುತ್ತ ನಡೆದು ಬನ್ನಿ. ಗೋಡೆಯ ಬುಡದಲ್ಲೊಂದು ಚೌಕ ತೂತು ಕಂಡರೆ ಅದು ಕಕ್ಕಸಿನ ಕೊಳವೆಯ ಬಾಯಿ. ಹತ್ತಿರದಲ್ಲೇ ಮುರಿದ ಸುತ್ತುಗೋಡೆಯಿದ್ದರೆ ಅದು ಬಾನ್. ಐರಿಷ್‌ನ ದನದ ದೊಡ್ಡಿ ಎಂಬರ್ಥದ ಮಾತಿನಿಂದ ಬಂದ ಹೆಸರೆನ್ನುತ್ತಾರೆ. ರಾತ್ರಿ ಹಸುಗಳನ್ನು ಅದರೊಳಗೆ ಕೂಡುತ್ತಿದ್ದರು. ಈ ನಾಡಿನಲ್ಲಿ ಆಗ ಸಂಪತ್ತೆಂದರೆ ದನವೇ.

ಬಾಗಿಲಿಗೆ ಬನ್ನಿ. ಹೊಸ್ತಿಲು ದಾಟಿದ ಕೂಡಲೇ ಇಕ್ಕಟ್ಟಾದ ಚಿಕ್ಕ ಜಾಗ, ಅಲ್ಲಿ ನಿಂತು ತಲೆಯೆತ್ತಿದರೆ ಚಾವಣಿಯಲ್ಲೊಂದು ಕಿಂಡಿ. ಮರ್ಡರ್ ಹೋಲ್, ಕೊಲೆಗಂಡಿ: ಬಾಗಿಲು ಮುರಿದು ಬಂದವರ ಮೇಲೆ ಮೇಲಿನವರು ಕಲ್ಲೆಸೆಯುತ್ತಿದ್ದರು. ನೆಲಮಟ್ಟದ ಕೋಣೆಗೆ ಕಿಟಕಿಯಿಲ್ಲ, ಬಾಣ ಬಿಡುವ ಸೀಳುಕಿಂಡಿಗಳಷ್ಟೇ. ಅದು ಕಾಳುಕಡಿ ಇಡುವ ಉಗ್ರಾಣ.

ಕಮಾನು ಚಾವಣಿಯ ಕೆಳಮೈಗೆ ಟಾರ್ಚ್ ಬಿಡಿ. ಚಾಪೆ ಒತ್ತಿದಂತೆ ಹೆಣಿಗೆಯ ಗುರುತು ಕಂಡರೆ ನಿಂತು ನೋಡಿ. ಕಮಾನು ಕಟ್ಟುವಾಗ ನಾವು ಸೆಂಟ್ರಿಂಗ್‌ಗೆ ಹಲಗೆ ಕೊಟ್ಟ ಹಾಗೆ ಇವರು ಸಪೂರ ಕಡ್ಡಿಗಳಿಂದ ಹೆಣೆದ ತಟ್ಟಿಗಳನ್ನು ಕೊಟ್ಟು, ಮೇಲೆ ಗಾರೆ ಸುರಿದು ಕಲ್ಲು ಕೂರಿಸುತ್ತಿದ್ದರು. ತಟ್ಟಿ ಮಣ್ಣಾಗಿದೆ, ಅದರ ಅಚ್ಚು ಗಾರೆಯಲ್ಲಿ ಉಳಿದಿದೆ. ಕೆಲವು ಕಡೆ ಕಡ್ಡಿಯ ಚೂರೂ ಅಂಟಿಕೊಂಡಿರುತ್ತದೆ. ಯಾವ ದೊರೆಯ ಹೆಸರಿಗಿಂತಲೂ ಆ ತಟ್ಟಿ ಹೆಣೆದ ಕೈಗಳ ಗುರುತೇ ನನಗೆ ದೊಡ್ಡದಾಗಿ ಕಾಣುತ್ತದೆ. ಮುಟ್ಟಬೇಡಿ, ಉದುರುತ್ತದೆ.

ಗೋಡೆಯ ಒಳಮೈಯಲ್ಲಿ ಸಾಲಾಗಿ ತೂತುಗಳು, ಹೊರಚಾಚಿದ ಕಲ್ಲುಗಳು ಇದ್ದರೆ ಅಲ್ಲೊಂದು ಮರದ ಮಹಡಿಯಿತ್ತು. ತೊಲೆಗಳು ಕೂರುತ್ತಿದ್ದುದು ಅಲ್ಲೇ. ಆ ಸಾಲುಗಳನ್ನು ಎಣಿಸಿದರೆ ಎಷ್ಟು ಅಂತಸ್ತೆಂದು ತಿಳಿಯುತ್ತದೆ. ಗಾಳಿಯಲ್ಲಿ ತೇಲಿದಂತೆ ಕಾಣುವ ಅಗ್ಗಿಷ್ಟಿಕೆ ಆ ಇಲ್ಲದ ಮಹಡಿಯದು. ಮೇಲೆ ಹೋದಂತೆ ಕಿಟಕಿ ದೊಡ್ಡದಾಗುತ್ತದೆ: ಎತ್ತರದಲ್ಲಿ ಭಯ ಕಡಿಮೆ, ಯಜಮಾನನ ಕೋಣೆ ಅಲ್ಲಿ. ಗೋಡೆಯ ತುದಿಯ ಹಲ್ಲಿನಂಥ ತೆನೆಗಳು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ ಅದು ಐರ್ಲೆಂಡಿನ ಅಚ್ಚುಮೆಚ್ಚಿನ ರೀತಿ. ಬೋಳು ಬೂದು ಕಲ್ಲನ್ನು ನೋಡಿ ಮೊದಲಿನಿಂದ ಹೀಗೇ ಇತ್ತೆಂದುಕೊಳ್ಳಬೇಡಿ. ಹಲವು ಗೋಪುರಗಳಿಗೆ ಗಾರೆ ಬಳಿದು ಸುಣ್ಣ ಹೊಡೆದಿರುತ್ತಿತ್ತು, ಹಸಿರು ಹೊಲದಲ್ಲಿ ಬೆಳ್ಳಗೆ ನಿಂತಿರುತ್ತಿದ್ದವು.

ಸುರುಳಿ ಮೆಟ್ಟಿಲು ಬಲಕ್ಕೆ ತಿರುಗುವುದು ಮೇಲಿನಿಂದ ಕಾದಾಡುವ ಬಲಗೈ ಕತ್ತಿಯವನ ಅನುಕೂಲಕ್ಕೆ ಎಂದು ಎಲ್ಲ ಕಡೆ ಹೇಳುತ್ತಾರೆ. ಎಡಕ್ಕೆ ತಿರುಗುವವೂ ಇವೆ, ಹಲವು ವಿದ್ವಾಂಸರು ಆ ವಿವರಣೆಯನ್ನು ಒಪ್ಪುವುದಿಲ್ಲ.

ಲೆಮಾನೆಯನ್ನು ರಸ್ತೆಯಿಂದ ನೋಡಿದರೂ ಸಾಕು ಎಂದೆನಲ್ಲ, ಕಾರಣ ಇದು. ಅದರ ಒಂದು ತುದಿ ಹದಿನೈದನೆಯ ಶತಮಾನದ ಗೋಪುರ, ಸೀಳುಕಿಂಡಿಗಳದ್ದು. ಅದಕ್ಕೇ ಅಂಟಿಸಿ ಹದಿನೇಳನೆಯ ಶತಮಾನದಲ್ಲಿ ಕಾನರ್ ಓಬ್ರಿಯನ್ ಮತ್ತು ಅವನ ಹೆಂಡತಿ ಮಾರಿ ರುವಾ ಕಟ್ಟಿಸಿದ ನಾಲ್ಕಂತಸ್ತಿನ ಮನೆ, ಸಾಲು ಸಾಲು ದೊಡ್ಡ ಕಿಟಕಿಗಳದ್ದು. ಹೆದರಿ ಬದುಕುತ್ತಿದ್ದವರು ಬೆಳಕು ಬೇಕೆಂದು ಬಯಸಿದ ಬದಲಾವಣೆ ಒಂದೇ ನೋಟಕ್ಕೆ ಕಾಣುತ್ತದೆ. ರಾಸ್‌ಕಾಮನ್‌ನಲ್ಲೂ ಹೀಗೆಯೇ: 1269ರಲ್ಲಿ ಶುರುವಾದ ರಾಜಕೋಟೆಯ ದಪ್ಪ ಗೋಡೆಗೆ 1580ರ ಸುಮಾರಿಗೆ ಇಂಗ್ಲಿಷ್ ಅಧಿಕಾರಿ ನಿಕೋಲಸ್ ಮಾಲ್ಬಿ ದೊಡ್ಡ ಚೌಕ ಕಿಟಕಿಗಳನ್ನು ಕೊರೆಸಿದ.

9. ಮೊದಲ ದಿನಕ್ಕೊಂದು ದಾರಿ

ಡಬ್ಲಿನ್ನಿನಿಂದ ಕಾರಿನಲ್ಲಿ ಹೊರಡುವವರಿಗೆ ನಾನು ಹೇಳುವುದು ಡನಮೇಸ್, ಕಾರ್ಲೋ, ಬ್ಯಾಲಿಮೂನ್. ಮೂರಕ್ಕೂ ಟಿಕೆಟ್ ಇಲ್ಲ, ಯಾರ ಬಾಗಿಲನ್ನೂ ತಟ್ಟಬೇಕಿಲ್ಲ.

ಎಂ7 ಹೆದ್ದಾರಿಯಲ್ಲಿ ಪೋರ್ಟ್‌ಲೀಶ್‌ವರೆಗೆ ಹೋಗಿ, ಎನ್80 ಹಿಡಿದು ಸ್ಟ್ರಾಡ್‌ಬ್ಯಾಲಿ ಕಡೆ ತಿರುಗಿ. ಬಯಲಿನ ನಡುವೆ ಎದ್ದ ಸುಣ್ಣಕಲ್ಲಿನ ಗುಡ್ಡ ಡನಮೇಸ್. ಲೆನ್‌ಸ್ಟರ್ ಸೀಮೆಯ ಐರಿಷ್ ದೊರೆ ಮ್ಯಾಕ್‌ಮರೊನ ಮಗಳು ಈಫಾಳನ್ನು ಮದುವೆಯಾದ ನಾರ್ಮನ್ ಸರದಾರ ಸ್ಟ್ರಾಂಗ್‌ಬೋನ ಕೈಗೆ ಬಂದ ಜಾಗ. ಅವನ ಮಗಳನ್ನು ಮದುವೆಯಾದ ವಿಲಿಯಂ ಮಾರ್ಷಲ್ ಇದನ್ನು ಬೆಳೆಸಿದ. ಇಂಗ್ಲೆಂಡಿನ ಸೇನಾಪತಿ ಕ್ರಾಮ್‌ವೆಲ್‌ನ ಸೇನೆ 1650ರ ಸುಮಾರಿಗೆ ಮತ್ತೆ ಯಾರೂ ಬಳಸದಂತೆ ಒಡೆದು ಹಾಕಿತು. ಹೀಗೆ ಬೇಕೆಂದೇ ಕೆಡವುವುದಕ್ಕೆ ಸ್ಲೈಟಿಂಗ್ ಎನ್ನುತ್ತಾರೆ. ಗೋಡೆಯ ದೊಡ್ಡ ದೊಡ್ಡ ತುಂಡುಗಳು ಓರೆಯಾಗಿ ಬಿದ್ದಿದ್ದರೆ ಕಾರಣ ಅದು. ಮಳೆಗೆ ಕರಗಿದ ಗೋಡೆ ಹಾಗೆ ಬೀಳುವುದಿಲ್ಲ. ಬಂಡೆಯ ಅಂಚಿನಲ್ಲಿ ತಡೆಬೇಲಿ ಇಲ್ಲದ ಜಾಗಗಳಿವೆ, ಮಕ್ಕಳ ಕೈ ಬಿಡಬೇಡಿ. ಮೇಲೆ ಗಾಳಿ ಜೋರು. ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಅದೇ ಎನ್80ಯಲ್ಲಿ ಮುಂದೆ ಕಾರ್ಲೋ ಪಟ್ಟಣ. ಮಾರ್ಷಲ್‌ನ ಕಾಲದ ಕ್ಯಾಸಲ್‌ನಲ್ಲಿ ಉಳಿದಿರುವುದು ಎರಡು ದುಂಡು ಗೋಪುರ, ನಡುವಿನ ಗೋಡೆ, ಅಷ್ಟೇ. 1814ರಲ್ಲಿ ವೈದ್ಯನೊಬ್ಬ ಅದನ್ನು ಮಾನಸಿಕ ಆಸ್ಪತ್ರೆ ಮಾಡಲು ಹೊರಟು, ಗೋಡೆಯ ದಪ್ಪ ಕಡಿಮೆ ಮಾಡಲೆಂದು ಮದ್ದು ಸಿಡಿಸಿದ, ಉಳಿದದ್ದೆಲ್ಲ ಕುಸಿಯಿತು. ಹದಿನೈದು ನಿಮಿಷ ಸಾಕು, ಊಟವನ್ನು ಇಲ್ಲೇ ಮುಗಿಸಿ.

ಅಲ್ಲಿಂದ ಬ್ಯಾಗೆನಲ್ಸ್‌ಟೌನ್ ದಾಟಿದರೆ ರಸ್ತೆಯ ಪಕ್ಕದ ಹೊಲದಲ್ಲೇ ಬ್ಯಾಲಿಮೂನ್. ಮಾರ್ಷಲ್‌ನ ಮಗಳ ಕಡೆಯಿಂದ ಕಾರ್ಲೋ ಸೀಮೆ ಬಿಗಾಡ್ ಮನೆತನಕ್ಕೆ ಬಂತು. ಸುಮಾರು 1300ರಲ್ಲಿ ಅವರು ಕಟ್ಟಿಸಿರಬಹುದೆಂಬ ಊಹೆಯಿದೆ. ಚೌಕಾಕಾರ, ಎಂಟಡಿ ದಪ್ಪದ ಗ್ರಾನೈಟ್ ಗೋಡೆ, ಒಳಗೆ ಬರೀ ಹುಲ್ಲು. ಕಟ್ಟುವ ಕೆಲಸ ಅರ್ಧಕ್ಕೇ ನಿಂತಿತೆಂದು ತೋರುತ್ತದೆ, ಆದ್ದರಿಂದ ಇಲ್ಲಿ ಮುಂದಿನವರು ಸೇರಿಸಿದ್ದು, ಕೊರೆದದ್ದು ಏನೂ ಅಡ್ಡ ಬರುವುದಿಲ್ಲ. ಎಂಟನೆಯ ಹಂತವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಗೋಡೆಯ ಒಳಮೈ ಸುತ್ತ ನಡೆಯಿರಿ: ಬಾಣದ ಕಿಂಡಿಗಳು, ಅಗ್ಗಿಷ್ಟಿಕೆಯ ಜಾಗ, ಗೋಡೆಯಿಂದ ಹೊರಚಾಚಿದ ಕಕ್ಕಸುಗಳು, ಇವನ್ನು ನೀವೇ ಹುಡುಕಿ. ಸಂಜೆಯ ಬಿಸಿಲು ಬಾಗಿದಾಗ ಗ್ರಾನೈಟಿನ ಮೇಲಿನ ಉಳಿಪೆಟ್ಟುಗಳು ಎದ್ದು ಕಾಣುತ್ತವೆ, ಆ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಳ್ಳಿ.